ಬಿಳಿ ಐದು, ಸ್ವಲ್ಪ ಏರಿದ್ದು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಹಳೇ ಸಾಮಾನು ಕೂಡಿಸಿ ನಾನೇ ಕಟ್ಟಿದ ಎಲೆಕ್ಟ್ರಿಕ್ ಗಿಟಾರು ಬಾಯಿ ಮುಚ್ಚಿತು. ಕೆಟ್ಟುಹೋಯಿತು ಅಂತಲ್ಲ, ನುಡಿಸದಿದ್ದರೂ ಗುಂಯ್ ಅನ್ನುತ್ತಿದ್ದದ್ದು ನಿಂತಿತು. ವಾಲ್ಯೂಮ್ ಪೂರ್ತಿ ಏರಿಸಿ, ತಂತಿಯಿಂದ ಕೈ ತೆಗೆದು, ಐದು ಮನೆಯ ಸ್ವಿಚ್ಚನ್ನು ಎರಡನೇ ಮನೆಗೆ ತಳ್ಳಿದೆ. ಸ್ಪೀಕರಿನಿಂದ ಸಣ್ಣ ಉಸಿರಿನಂಥ ಸದ್ದು ಬಿಟ್ಟರೆ ಮತ್ತೇನೂ ಇಲ್ಲ. ಹೊರಗೆ ಹಂಚಿನ ಮೇಲೆ ಪುಷ್ಯ ಮಳೆ ಬಡಿಯುತ್ತಿದ್ದದ್ದು ಅದಕ್ಕಿಂತ ಜೋರಾಗಿ ಕೇಳುತ್ತಿತ್ತು. ಹದಿನೇಳು ದಿನ ಇದಕ್ಕಾಗಿ ತಲೆ ಕೆಡಿಸಿಕೊಂಡಿದ್ದೆ.

ನೆಕ್ (ಗಿಟಾರಿನ ಕುತ್ತಿಗೆ) ಕೂರಿಸಿದ್ದು, ಅದರ ಮೇಲಿನ ಫ್ರೆಟ್ ಪಟ್ಟಿಗಳನ್ನು ಮಟ್ಟ ಮಾಡಿದ್ದು, ಪ್ರತಿ ಫ್ರೆಟ್ಟಿನಲ್ಲೂ ಸ್ವರ ಸರಿ ಬರುತ್ತದೆಯೇ ಅಂತ ಇಂಟೊನೇಷನ್ ನೋಡಿದ್ದು, ಇವನ್ನೆಲ್ಲ ನೀವೂ ಮಾಡಿದವರೇ. ಆ ಪುರಾಣ ಬೇಡ. ಸಾಮಾನು ಎಲ್ಲಿಂದ ಬಂತು ಅನ್ನುವುದನ್ನು ಮಾತ್ರ ಹೇಳಬೇಕು, ಯಾಕೆಂದರೆ ಕಾಯಿಲೆ ಬಂದದ್ದು ಅಲ್ಲಿಂದಲೇ. ಬಾಡಿ ಕಾರವಾರದ್ದು. ಆರ್ಕೆಸ್ಟ್ರಾದವರ ಹತ್ತಿರ ಇದ್ದ ಫೆಂಡರ್ ಕಂಪನಿಯ ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರಿನ ನಕಲು, 1,200 ರೂಪಾಯಿ. ಕಡಲ ಗಾಳಿಗೆ ಬ್ರಿಜ್ಜಿನ (ತಂತಿ ಕೂರುವ ಕುದುರೆ) ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಬಾಡಿಯ ಜೊತೆ ಒಂದೇ ದೇಹವಾಗಿದ್ದವು. ಎರಡು ದಿನ ಸೀಮೆಎಣ್ಣೆ ಕುಡಿಸಿದ ಮೇಲೆ ಆರರಲ್ಲಿ ಐದು ಹೊರಗೆ ಬಂದವು, ಆರನೆಯದು ತಲೆ ಕೊಟ್ಟಿತೇ ಹೊರತು ಜಾಗ ಬಿಡಲಿಲ್ಲ. ನೆಕ್ ಹುಬ್ಬಳ್ಳಿಯ ಹಳೇ ಸಾಮಾನಿನಂಗಡಿಯದು, 1,500 ರೂಪಾಯಿ. ನಟ್‌ನಿಂದ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹನ್ನೆರಡನೇ ಫ್ರೆಟ್ಟಿಗೆ ಟೇಪು ಹಿಡಿದು 324 ಮಿಲಿಮೀಟರ್ ಬಂದ ಮೇಲೇ ದುಡ್ಡು ಕೊಟ್ಟಿದ್ದು. ತಂತಿಯ ಪೂರ್ತಿ ಉದ್ದ ಅದರ ಎರಡರಷ್ಟು, 648, ಅಂದರೆ ಇಪ್ಪತ್ತೈದೂವರೆ ಇಂಚು, ಈ ಬಾಡಿಗೆ ಸರಿ. ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಕಾಂತ ಮತ್ತು ಸುರುಳಿ) ಮಾತ್ರ ಮೂರು ಸತ್ತ ಗಿಟಾರುಗಳಿಂದ ಒಂದೊಂದು ಕಿತ್ತದ್ದು. ಮೂರೂ ಕಡಿಮೆ ಬೆಲೆಯ ಸೆರಾಮಿಕ್ ಕಾಂತದ ಜಾತಿಯವು, ಮೀಟರಿನಲ್ಲಿ 5.8, 6.1 ಮತ್ತು 6.4 ಕಿಲೋ ಓಮ್. ಮೂರೂ ಜೀವಂತ. ಖುಷಿಯಾಗಿ ಜೋಡಿಸಿದೆ.

ಆಂಪಿಗೆ (ಆಂಪ್ಲಿಫೈಯರ್) ಚುಚ್ಚಿದ ಕೂಡಲೇ ಗುಂಯ್ ಅಂತ ಶುರು.

ಜಗಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದ ಭಾವ ಕಿವಿ ನೆಟ್ಟಗೆ ಮಾಡಿದ. ಅವ ಯಕ್ಷಗಾನದ ಮದ್ದಳೆಯವ. ಭಾಗವತರ ಶ್ರುತಿಗೆ ಮದ್ದಳೆಯ ಬಾಯಿ ಕೂರಿಸಿ ಕೂರಿಸಿ ಆ ಕಿವಿ ಹದವಾಗಿದೆ.

"ಏ ಭಾವ, ನುಡಿಸಕ್ಕಿಂತ ಮುಂಚೆನೇ ಶ್ರುತಿ ಹಿಡೀತಲೋ ನಿನ್ನ ಪೆಟ್ಟಿಗೆ. ಬಿಳಿ ಐದು. ಸ್ವಲ್ಪ ಏರಿದ್ದು."

ನಾನು ನಕ್ಕೆ. ಆಮೇಲೆ ಲೆಕ್ಕ ಹಾಕಿದರೆ ನಗು ನಿಂತಿತು. ನಮ್ಮ ಕರೆಂಟು 50 ಹರ್ಟ್ಸ್. ಹಾರ್ಮೋನಿಯಮ್ಮಿನ ಬಿಳಿ ಐದು ಅಂದರೆ ಜಿ, ತೀರ ಕೆಳಗಿನ ಸಪ್ತಕದಲ್ಲಿ 49 ಹರ್ಟ್ಸ್. ಅದರ ಮೇಲಿನ ಕಪ್ಪು ನಾಲ್ಕು 51.9. ಕರೆಂಟು ಕೂತಿರುವುದು ಇವೆರಡರ ನಡುವೆ, ಬಿಳಿ ಐದರ ಕಡೆಗೇ ವಾಲಿ. ಭಾವ ಹೇಳಿದ್ದು ಅಕ್ಷರಶಃ ಸರಿ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಅದು ಕಪ್ಪು ಐದಕ್ಕೂ ಬಿಳಿ ಏಳಕ್ಕೂ ನಡುವೆ ತ್ರಿಶಂಕುವಾಗಿರುತ್ತದೆ. ಅಲ್ಲಿನ ಮದ್ದಳೆಯವರ ಗತಿ ದೇವರೇ ಬಲ್ಲ.

ಮೊದಲ ಮದ್ದು ನಿಮಗೂ ಗೊತ್ತು, ಹೊರಗಿನ ಸದ್ದು ಒಳಗೆ ನುಗ್ಗದ ಹಾಗೆ ಬಾಡಿಯೊಳಗೆ ಅಂಟಿಸುವ ತಾಮ್ರದ ಪಟ್ಟಿ. ಆನ್‌ಲೈನಿನಲ್ಲಿ ತರಿಸಿದೆ. ಮಾರುವವ ಅಂಟೂ ಕರೆಂಟು ಹಾಯಿಸುತ್ತದೆ ಅಂತ ಬರೆದಿದ್ದ. ಹನ್ನೊಂದು ದಿನಕ್ಕೆ ಬಂತು, ಅದರಲ್ಲಿ ನಾಲ್ಕು ದಿನ ಹುಬ್ಬಳ್ಳಿಯಲ್ಲೇ ವಿಶ್ರಾಂತಿ. ಪಿಕಪ್ಪಿನ ಗುಂಡಿಗಳಿಗೆಲ್ಲ ನೀಟಾಗಿ ಅಂಟಿಸಿ ಮಲ್ಟಿಮೀಟರ್ ಇಟ್ಟರೆ ಒಂದು ಪಟ್ಟಿಗೂ ಪಕ್ಕದ ಪಟ್ಟಿಗೂ ಸಂಬಂಧವೇ ಇಲ್ಲ. ಅಂಟು ಶುದ್ಧ ಗೋಂದು. ಕೇಳಿದರೆ "ಸರ್, ಗಟ್ಟಿಯಾಗಿ ಒತ್ತಿ" ಅಂತ ಉತ್ತರ. ಒತ್ತಿದೆ. ಕೊನೆಗೆ ಪ್ರತಿ ಸಂದಿಗೂ ಒಂದೊಂದು ಚುಕ್ಕೆ ಸೋಲ್ಡರ್ ಇಟ್ಟು, ಇಪ್ಪತ್ತಾರು ಚುಕ್ಕೆಗಳ ರಂಗೋಲಿ ಬಿಡಿಸಿದ್ದಾಯಿತು. (ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಹಾಕುವ ಯೋಚನೆ ಇದ್ದವರಿಗೆ: ನಮ್ಮ ಮಾಮೂಲಿ ಸೋಲ್ಡರ್ ಅದಕ್ಕೆ ಹಿಡಿಯುವುದಿಲ್ಲ, ಸ್ಕ್ರೂ ಹಾಕಿ ವೈರು ಬಿಗಿಯಬೇಕು.)

ಫಲಿತಾಂಶ? ಮೊದಲು ಗುಂಯ್ ಜೊತೆಗೆ ಝರ್ರ್ ಅನ್ನುವ ಇನ್ನೊಂದು ಸದ್ದೂ ಇತ್ತು, ಟ್ಯೂಬ್‌ಲೈಟಿನ ಹತ್ತಿರ ಹೋದರೆ ಹೆಚ್ಚುತ್ತಿತ್ತು. ಆ ಝರ್ರ್ ಮುಕ್ಕಾಲು ಪಾಲು ಹೋಯಿತು. ಗುಂಯ್ ಮಾತ್ರ ಗುಡ್ಡದ ಹಾಗೆ ಇದ್ದಲ್ಲೇ. ನಾನು ಇದನ್ನು ಅರ್ಥ ಮಾಡಿಕೊಳ್ಳುವ ಬದಲು ಅರ್ತ್ ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಸೋಲ್ಡರ್ ಮಾಡಿದೆ. ಮೂರು ಸಲ. ಮೂರನೇ ಸಲಕ್ಕೆ ಪಾಟಿನ (ವಾಲ್ಯೂಮ್ ಗುಂಡಿಯ ಕೆಳಗಿನ ರೆಸಿಸ್ಟರ್) ಬೆನ್ನು ಸುಟ್ಟು, ವಾಲ್ಯೂಮ್ ತಿರುಗಿಸಿದರೆ ಒಣಗಿದ ಅಡಿಕೆ ಹಾಳೆ ಮೆಟ್ಟಿದ ಸದ್ದು ಬರತೊಡಗಿತು. ಹೊಸ ಪಾಟು, 250 ಕಿಲೋ ಓಮ್ ಅಂತ ಬರೆದದ್ದು, ಅಳೆದರೆ 212. ಅದು ಬಿಡಿ, ಶೇಕಡಾ ಇಪ್ಪತ್ತರವರೆಗೆ ಹೆಚ್ಚುಕಡಿಮೆ ಅವರಿಗೆ ಮಾಫಿ.

ದಾರಿ ತೋರಿಸಿದ್ದು ಕರೆಂಟು ಹೋದದ್ದು. ಮಳೆಗಾಲದ ಶಿರಸಿಯಲ್ಲಿ ಇದಕ್ಕೇನು ವಿಶೇಷ ಅಂತೀರಿ. ಆದರೆ ಆವತ್ತು ನಾನು 9 ವೋಲ್ಟಿನ ಬ್ಯಾಟರಿಯ ಪುಟ್ಟ ಹೆಡ್‌ಫೋನ್ ಆಂಪಿಗೆ ಚುಚ್ಚಿಕೊಂಡು ಕುಳಿತಿದ್ದೆ. ಫಟ್ ಅಂತ ದೀಪ ಹೋಯಿತು, ಜೊತೆಗೆ ಗುಂಯ್ ಕೂಡ. ಕತ್ತಲಲ್ಲಿ ಒಂದು ಇ ತಂತಿ ಮೀಟಿದೆ. ಅಷ್ಟು ಸ್ವಚ್ಛ ಸ್ವರ ಈ ಗಿಟಾರಿನಿಂದ ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಆಯಿ ಇನ್ವರ್ಟರ್ ಹಾಕಿದಳು, ಕಿವಿಯೊಳಗೆ ಕಬ್ಬಿಣ ಅರೆದ ಹಾಗಾಯಿತು. ನಮ್ಮದು ಹಳೇ ಇನ್ವರ್ಟರು, ಅದರ ಅಲೆ ಚೌಕ.

ಅಂದರೆ ನನ್ನ ವೈರಿಂಗಿನಲ್ಲಿ ತಪ್ಪೇ ಇರಲಿಲ್ಲ. ಮನೆಯ ಕರೆಂಟಿನ ಕಾಂತಕ್ಷೇತ್ರವನ್ನು ಸುರುಳಿಗಳು ನೇರವಾಗಿ ಹಿಡಿಯುತ್ತಿದ್ದವು. ಇದು ನನಗೆ ಓದಿ ಗೊತ್ತಿತ್ತು, ಆದರೆ ಓದಿದ್ದು ಕೈಗೆ ಇಳಿದಿರಲಿಲ್ಲ. ತಾಮ್ರದ ತೆಳು ಪಟ್ಟಿ ಝರ್ರ್‌ಗೆ ಬೇಲಿ. 50 ಹರ್ಟ್ಸಿನ ಕಾಂತಕ್ಷೇತ್ರಕ್ಕೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ಅಡ್ಡಬೇಲಿಗೆ ಮಂಗ ಹೆದರಿದ ಹಾಗೆ.

ಕರೆಂಟು ಬಂದ ಮೇಲೆ ಗಿಟಾರು ಹಿಡಿದುಕೊಂಡು ನಿಂತಲ್ಲೇ ನಿಧಾನ ತಿರುಗಿದೆ. ಒಂದು ದಿಕ್ಕಿನಲ್ಲಿ ಗುಂಯ್ ಬಹುತೇಕ ಸಾಯುತ್ತದೆ, ಕಾಲು ಸುತ್ತು ತಿರುಗಿದರೆ ಮತ್ತೆ ಎದ್ದು ಕೂರುತ್ತದೆ. ಹಾಗೇ ನಡೆಯುತ್ತ ಸದ್ದು ಹೆಚ್ಚಾಗುವ ಕಡೆಗೆ ಹೋದರೆ ಗೋಡೆ ಬಂತು. ಗೋಡೆಯಾಚೆ ಅಡುಗೆಮನೆ, ಅಲ್ಲಿ ಫ್ರಿಜ್ಜಿನ ಸ್ಟೆಬಿಲೈಸರ್. ಅದರ ಹೊಟ್ಟೆಯಲ್ಲಿರುವ ಟ್ರಾನ್ಸ್‌ಫಾರ್ಮರು ಸರಿಯಾಗಿ ನನ್ನ ಬೆನ್ನ ಹಿಂದೆ ಒಂದೂವರೆ ಅಡಿ ದೂರದಲ್ಲಿ ಕುಳಿತು ಬಿಳಿ ಐದು ಹಾಡುತ್ತಿತ್ತು. ಆಯಿಯನ್ನು ಕೇಳಿದೆ.

"ಫ್ರಿಜ್ ಜಾಗ ಬದಲ್ಸದಾದ್ರೆ ನಾಳಿಂದ ನೀನೇ ಅಡುಗೆ ಮಾಡ್ಕ್ಯ."

ಆಂಪನ್ನು ಅಟ್ಟಕ್ಕೆ ಸಾಗಿಸಿದೆ. ಗುಂಯ್ ಅರ್ಧಕ್ಕಿಂತ ಕೆಳಗಿಳಿಯಿತು, ಆದರೆ ಹೋಗಲಿಲ್ಲ.

ಅಟ್ಟಕ್ಕೆ ಹೋದದ್ದರಿಂದ ಇನ್ನೊಂದು ಅನಾಹುತವಾಯಿತು. ಹಳೇ ಮನೆ ಬಿಚ್ಚಿದಾಗ ಉಳಿಸಿಟ್ಟ ಹಲಸಿನ ಹಲಗೆ ಅಲ್ಲಿದೆ. ಎರಡು ಇಂಚು ದಪ್ಪ, ಒಣಗಿ ಜೇನುಬಣ್ಣಕ್ಕೆ ತಿರುಗಿದೆ. ಹಲಸು ವೀಣೆಯ ಮರ, ತಟ್ಟಿದರೆ ಮಾತಾಡುತ್ತದೆ. ಇದರಲ್ಲಿ ಒಂದು ಲ್ಯಾಪ್ ಸ್ಟೀಲ್ ಯಾಕೆ ಮಾಡಬಾರದು? ನೆಕ್ಕಿನ ಜಂಜಾಟವಿಲ್ಲ, ಫ್ರೆಟ್ ಕೂರಿಸುವುದಿಲ್ಲ, ಗೆರೆ ಎಳೆದರೆ ಸಾಕು. ತೊಡೆಯ ಮೇಲಿಟ್ಟು ಕಬ್ಬಿಣದ ತುಂಡು ಜಾರಿಸಿದರೆ ಜಾರು, ಗಮಕ ಎಲ್ಲ ಬರುತ್ತದೆ. ಓಪನ್ ಜಿ, ಅಂದರೆ ಬರೀ ತಂತಿಗಳೇ ಜಿ ಕಾರ್ಡ್ ನುಡಿಯುವ ಹಾಗೆ ಶ್ರುತಿ ಮಾಡಿದರೆ ಅದೇ ಬಿಳಿ ಐದು. ತಂತಿಗಳನ್ನು ಸ್ವಲ್ಪ ಏರಿಸಿ ಕಟ್ಟಿಬಿಟ್ಟರೆ ಫ್ರಿಜ್ಜೇ ಶ್ರುತಿಪೆಟ್ಟಿಗೆ! ಭಾವ ಇದನ್ನು ಕೇಳಿ ಗಂಭೀರವಾಗಿ ತಲೆಯಾಡಿಸಿದ, ಅದು ಹೆದರಿಕೆಯ ಲಕ್ಷಣ. ಹಲಗೆಗೆ ಪೆನ್ಸಿಲ್ ಗುರುತು ಆಗಲೇ ಹಾಕಿದ್ದೇನೆ. ಅಪ್ಪನಿಗೆ ಹೇಳಿಲ್ಲ.

ಮತ್ತೆ ಗುಂಯ್‌ಗೆ. ಎರಡು ಸುರುಳಿಗಳ ಗುಂಯ್ ಒಂದನ್ನೊಂದು ಹೊಡೆದುಹಾಕುವ ಹಂಬಕರ್ ಪಿಕಪ್ ಹಾಕಿದರೆ ಕಥೆ ಮುಗಿಯುತ್ತಿತ್ತು. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲೇ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಆದರೆ ಅದಕ್ಕೆ ಬಾಡಿಯಲ್ಲಿ ಗುಂಡಿ ಅಗಲ ಮಾಡಬೇಕು, ಪಿಕ್‌ಗಾರ್ಡ್ ಬೇರೆ ಬೇಕು, ದುಡ್ಡೂ ಬೇಕು. ನನ್ನ ಹತ್ತಿರ ಮೂರು ಒಂಟಿ ಸುರುಳಿಗಳಿವೆ. ನಡುವಿನದನ್ನು ಉಲ್ಟಾ ಮಾಡಿದರೆ ಸ್ವಿಚ್ಚಿನ ಎರಡನೇ ಮತ್ತು ನಾಲ್ಕನೇ ಮನೆಯಲ್ಲಿ ಅದು ಪಕ್ಕದ ಪಿಕಪ್ಪಿಗೆ ಜೋಡಿಯಾದಾಗ ಗುಂಯ್‌ಗೆ ಗುಂಯ್ ಹೊಡೆದುಹೋಗಬೇಕು. ಒಂದೇ ಸೆಟ್ಟಿನಲ್ಲಿ ಕೊಂಡರೆ ಈಗ ಹೆಚ್ಚಾಗಿ ಹಾಗೇ ಬರುತ್ತದೆ. ನನ್ನವು ಮೂರು ಮನೆಯ ಮಕ್ಕಳು.

ಮೊದಲು ಸೋಮಾರಿಯ ದಾರಿ ಹಿಡಿದೆ. ನಡುವಿನ ಪಿಕಪ್ಪಿನ ಎರಡು ವೈರು ಅದಲುಬದಲು. ಎರಡು ನಿಮಿಷದ ಕೆಲಸ. ಎರಡನೇ ಮನೆಗೆ ಸ್ವಿಚ್ ತಳ್ಳಿದರೆ ಮೌನ! ಕುಣಿದೆ. ಆಮೇಲೆ ನುಡಿಸಿದೆ. ಕಾರ್ಡ್ ಬಾರಿಸಿದರೆ ತಗಡಿನ ಡಬ್ಬದೊಳಗೆ ಜೀರುಂಡೆ ಕೂಗಿದ ಸದ್ದು. ಕೆಳಗಿನ ಸ್ವರದ ತೂಕವೆಲ್ಲ ಮಾಯ. ಗುಂಯ್ ತಿರುಗಿದಂತೆ ತಂತಿಯ ಸ್ವರವೂ ತಿರುಗಿ, ಅವೂ ಒಂದನ್ನೊಂದು ತಿಂದು ಹಾಕಿದ್ದವು.

ಇಲ್ಲಿ ಕಾಂತ ಬೇಕು. ಗುಂಯ್ ಹುಟ್ಟುವುದಕ್ಕೆ ಪಿಕಪ್ಪಿನ ಕಾಂತದ ಹಂಗಿಲ್ಲ, ಬರೀ ಸುರುಳಿ ಸಾಕು. ತಂತಿಯ ಸ್ವರ ಹುಟ್ಟುವುದಕ್ಕೆ ಸುರುಳಿಯೂ ಬೇಕು, ಕಾಂತವೂ ಬೇಕು. ಹಾಗಾಗಿ ಕಾಂತವನ್ನು ಮಗುಚಿದರೆ ಸ್ವರ ಮಾತ್ರ ತಿರುಗುತ್ತದೆ, ಗುಂಯ್ ಇದ್ದ ಹಾಗೇ ಇರುತ್ತದೆ. ವೈರು ಬದಲಿಸಿ ಕಾಂತವನ್ನೂ ಮಗುಚಿದರೆ ಸ್ವರ ಎರಡು ಸಲ ತಿರುಗಿ ಮೊದಲಿನ ಜಾಗಕ್ಕೆ ಬರುತ್ತದೆ, ಗುಂಯ್ ಒಂದೇ ಸಲ ತಿರುಗಿ ಉಲ್ಟಾ ಉಳಿಯುತ್ತದೆ. ಅಲ್ನಿಕೋ (ಲೋಹದ ಕಾಂತ) ಸರಳುಗಳ ಒಳ್ಳೇ ಪಿಕಪ್ಪಿನಲ್ಲಿ ಇದು ಸುಲಭವಲ್ಲ, ಕಾಂತದ ಸರಳಿನ ಸುತ್ತಲೇ ಸುರುಳಿ ಇರುತ್ತದೆ. ನಮ್ಮ ಬಡವರ ಸೆರಾಮಿಕ್ ಪಿಕಪ್ಪಿನಲ್ಲಿ ನಡುವೆ ಇರುವುದು ಬರೀ ಉಕ್ಕಿನ ತುಂಡು. ಕಾಂತದ ಪಟ್ಟಿ ಬುಡಕ್ಕೆ ಅಂಟಿಸಿದ್ದು, ಬಿಡಿಸಬಹುದು. ಅಗ್ಗದ ಸಾಮಾನು ದುಬಾರಿಯದಕ್ಕಿಂತ ಮೇಲಾದ ಸಂದರ್ಭ ನನ್ನ ಹವ್ಯಾಸದಲ್ಲಿ ಇದೊಂದೇ.

ಅಪ್ಪನ ವಾಸ್ತು ದಿಕ್ಸೂಚಿ ತಂದೆ. ಮೂರೂ ಪಿಕಪ್ಪಿನ ತಲೆಗೆ ಮುಳ್ಳಿನ ಕೆಂಪು ತುದಿಯೇ ಓಡಿ ಬಂತು. ಮೂರೂ ಒಂದೇ ಮುಖ. ನಡುವಿನದರ ಬುಡಕ್ಕೆ ತಂಗಿಯ ಹೇರ್ ಡ್ರೈಯರ್ ಹಿಡಿದು, ಅಂಟು ಮೆತ್ತಗಾದ ಮೇಲೆ ಬ್ಲೇಡು ತೂರಿಸಿ ನಿಧಾನ ಎಬ್ಬಿಸಿದೆ. ಸೆರಾಮಿಕ್ ಬಿಸ್ಕತ್ತಿನ ಹಾಗೆ, ಮೀಟಿದರೆ ಮುರಿಯುತ್ತದೆ. ಕಾಂತ ಚೆನ್ನಾಗಿಯೇ ಬಂತು. ಬ್ಲೇಡಿನ ತುದಿ ಮಾತ್ರ ಒಂದು ಕೂದಲೆಳೆ ಮುಂದೆ ಹೋಯಿತು.

ಮೀಟರ್ ಇಟ್ಟೆ. ಮೌನ. 6.1 ಕಿಲೋ ಇದ್ದದ್ದು ಅನಂತವಾಗಿದೆ.

ಆ ರಾತ್ರಿ ಊಟ ರುಚಿಸಲಿಲ್ಲ. ಪಿಕಪ್ಪಿನ ತಂತಿ 42 ಗೇಜು, ಸುಮಾರು 0.063 ಮಿಲಿಮೀಟರು, ತಲೆಗೂದಲಿನಷ್ಟೇ ದಪ್ಪ. ಒಳಗಿನ ತುದಿ ಕಡಿದಿದ್ದರೆ ಕಥೆ ಮುಗಿದ ಹಾಗೆ, ಸಾವಿರಾರು ಸುತ್ತು ಬಿಚ್ಚಬೇಕು. ಮರುದಿನ ಬೆಳಕಿನಲ್ಲಿ ಅಜ್ಜನ ಭೂತಗನ್ನಡಿ ಹಿಡಿದು ನೋಡಿದರೆ ಕಡಿದದ್ದು ಹೊರಗಿನ ತುದಿ. ಹೊಲಿಗೆ ಸೂಜಿಯಿಂದ ಎಳೆ ಎಬ್ಬಿಸಿ, ಉಸಿರು ಬಿಗಿಹಿಡಿದು ಒಂದು ಸುತ್ತು ಬಿಚ್ಚಿದೆ. ಆ ಎಳೆಯನ್ನು ಪಿಕಪ್ಪಿನ ಬುಡದ ಲೋಹದ ಕಣ್ಣಿಗೆ ಸುತ್ತಿ ಸೋಲ್ಡರ್ ಹಚ್ಚಿದೆ. ಮೇಲಿನ ಎನಾಮೆಲ್ ಬಿಸಿಗೇ ಸುಟ್ಟುಹೋಯಿತು, ಕೆರೆಯುವ ಕಷ್ಟ ಕೊಡಲಿಲ್ಲ. ಮೀಟರಿನಲ್ಲಿ ಮತ್ತೆ 6.1. ಕಾಂತವನ್ನು ಮಗುಚಿ ಅಂಟಿಸಿ ದಿಕ್ಸೂಚಿ ಹಿಡಿದೆ, ಈ ಸಲ ಬಿಳಿ ತುದಿ ಬಂತು.

ಉಳಿದದ್ದು ಮೊದಲೇ ಹೇಳಿದೆ. ಎರಡರಲ್ಲೂ ನಾಲ್ಕರಲ್ಲೂ ಗುಂಯ್ ಇಲ್ಲ, ಸ್ವರಕ್ಕೆ ತೂಕ ಇದೆ. ಪೂರ್ತಿ ಸೊನ್ನೆ ಅನ್ನಲಾರೆ, ಮೂರೂ ಸುರುಳಿ ಒಂದೇ ಅಳತೆಯವಲ್ಲವಲ್ಲ. ಒಂದು, ಮೂರು, ಐದನೇ ಮನೆಗಳಲ್ಲಿ ಒಂಟಿ ಪಿಕಪ್ ಹಾಡುವಾಗ ಬಿಳಿ ಐದು ಇನ್ನೂ ಇದೆ. ಅಲ್ಲಿ ನುಡಿಸುವಾಗ ಅಟ್ಟದ ಕಿಟಕಿಗೆ ಮುಖ ಮಾಡಿ ಕೂರುತ್ತೇನೆ.

ಬಾಕಿ ಕೆಲಸ: ಹದಿನೈದನೇ ಫ್ರೆಟ್ಟಿನಲ್ಲಿ ಮೊದಲ ತಂತಿ ಕಿರುಗುಟ್ಟುತ್ತದೆ. ಬ್ರಿಜ್ಜಿನ ಆರನೇ ಸ್ಕ್ರೂವಿನ ಮುಂಡ ಇನ್ನೂ ಮರದೊಳಗೇ ಇದೆ. ಹೊಸ ತಂತಿ ಸೆಟ್ಟು ಹುಬ್ಬಳ್ಳಿಯಲ್ಲಿ ವಿಶ್ರಾಂತಿಯಲ್ಲಿದೆ.

ಮತ್ತೆ ದಿಕ್ಸೂಚಿ. ಕಾಂತದ ತೀರ ಹತ್ತಿರ ಹಿಡಿದು ಹಿಡಿದು ಅದರ ಮುಳ್ಳೇ ತಿರುಗಿಹೋಗಿದೆ ಅಂತ ಇವತ್ತು ಬೆಳಿಗ್ಗೆ ಗೊತ್ತಾಯಿತು. ಈಗ ಅದರ ಪ್ರಕಾರ ಸಿದ್ದಾಪುರ ಉತ್ತರಕ್ಕೆ, ಯಲ್ಲಾಪುರ ದಕ್ಷಿಣಕ್ಕೆ. ಕಾಂತದಿಂದ ಕೆಟ್ಟದ್ದನ್ನು ಕಾಂತದಿಂದಲೇ ಸರಿ ಮಾಡಬಹುದು, ಬಿಡಿ ಕಾಂತ ಒಂದು ಮೇಜಿನ ಡ್ರಾಯರಿನಲ್ಲಿದೆ. ಅಪ್ಪ ಹೊಸ ಕೊಟ್ಟಿಗೆಗೆ ದಿಕ್ಕು ನೋಡುವುದು ಭಾನುವಾರ. ಇವತ್ತು ಶುಕ್ರವಾರ.