ನೋಟರ್ ಡೇಮ್ ಘಟಿಕೋತ್ಸವ: ಭಾಷಣಕ್ಕೆ ಸರಿ, ಡಾಕ್ಟರೇಟ್ ಯಾಕೆ?

ಮೇ 18, 2009, ಸೋಮವಾರ
ಮಿಶವಾಕ, ಇಂಡಿಯಾನಾ

ಅಂತೂ ನಿನ್ನೆ ಮುಗಿಯಿತು. ಮಾರ್ಚ್ 20ರಂದು ಸುದ್ದಿ ಹೊರಬಿದ್ದ ದಿನದಿಂದ ಈ ಊರಲ್ಲಿ ಬೇರೆ ಮಾತೇ ಇರಲಿಲ್ಲ. ಪಕ್ಕದ ಸೌತ್ ಬೆಂಡ್‌ನ ನೋಟರ್ ಡೇಮ್ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಅಧ್ಯಕ್ಷ ಒಬಾಮಾ ಬರಬೇಕಾ, ಬೇಡವಾ? ಬಂದರು. ಭಾಷಣ ಮಾಡಿದರು. ಗೌರವ ಡಾಕ್ಟರೇಟ್ ತೆಗೆದುಕೊಂಡು ಹೋದರು.

ಊರಿನ ಗೆಳೆಯರಿಗೆಲ್ಲ ಶನಿವಾರದಿಂದ ಲೋಕಸಭೆ ಫಲಿತಾಂಶದ್ದೇ ಗುಂಗು. ಫೋನ್ ಮಾಡಿದರೆ ಮನಮೋಹನ್ ಸಿಂಗ್ ಮತ್ತೆ ಬಂದರಲ್ಲ, ನಮ್ಮ ರಾಜ್ಯದಲ್ಲಿ ಬಿಜೆಪಿಗೆ 19 ಸೀಟು ಬಂತಲ್ಲ ಅಂತ ಅದೇ ಮಾತು. ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ. ಇವತ್ತು ಇದನ್ನು ಬರೆದು ಮುಗಿಸದೆ ನನಗೆ ಸಮಾಧಾನ ಇಲ್ಲ.

ಗಲಾಟೆ ಯಾಕೆ ಅಂತ ಮೊದಲು ಹೇಳಬೇಕು. ನೋಟರ್ ಡೇಮ್ ಕ್ಯಾಥೊಲಿಕ್ ವಿಶ್ವವಿದ್ಯಾಲಯ. 1842ರಲ್ಲಿ ಹೋಲಿ ಕ್ರಾಸ್ ಪಂಗಡದ ಪಾದ್ರಿಗಳು ಕಟ್ಟಿದ್ದು. ಈ 2009ರಲ್ಲೂ ಅದರ ಅಧ್ಯಕ್ಷರು ಒಬ್ಬ ಪಾದ್ರಿಯೇ, ಫಾದರ್ ಜಾನ್ ಜೆಂಕಿನ್ಸ್. ಕ್ಯಾಥೊಲಿಕ್ ಧರ್ಮಸಭೆಗೆ ಗರ್ಭಪಾತ ಅಂದರೆ ಕೊಲೆಗೆ ಸಮ. ಒಬಾಮಾ ಗರ್ಭಪಾತದ ಹಕ್ಕಿನ ಪರ. ಅಧಿಕಾರಕ್ಕೆ ಬಂದ ಮೊದಲ ವಾರದಲ್ಲೇ, ಗರ್ಭಪಾತಕ್ಕೆ ನೆರವಾಗುವ ವಿದೇಶಿ ಸಂಸ್ಥೆಗಳಿಗೆ ಅಮೆರಿಕದ ಹಣ ಹೋಗದಂತೆ ಇದ್ದ ತಡೆಯನ್ನು ತೆಗೆದರು. ಮಾರ್ಚ್ ತಿಂಗಳಲ್ಲಿ ಭ್ರೂಣದ ಆಕರಕೋಶಗಳ (ಸ್ಟೆಮ್ ಸೆಲ್) ಸಂಶೋಧನೆಗೆ ಸರ್ಕಾರದ ದುಡ್ಡು ಸಿಗುವ ಹಾಗೆ ಮಾಡಿದರು. ಅದಾಗಿ ಹನ್ನೊಂದು ದಿನಕ್ಕೆ ಈ ಆಹ್ವಾನದ ಸುದ್ದಿ.

ಭಾರತದಲ್ಲಿ ಬೆಳೆದ ನಮಗೆ ಇದರ ಬಿಸಿ ತಟ್ಟುವುದು ಕಷ್ಟ. ನಮ್ಮಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು 1971ರಲ್ಲೇ ಬಂತು. ಗರ್ಭಪಾತದ ಮೇಲೆ ಯಾರೂ ಚುನಾವಣೆ ಗೆದ್ದಿಲ್ಲ, ಸೋತಿಲ್ಲ. ಇಲ್ಲಿ ಹಾಗಲ್ಲ. ಗರ್ಭಪಾತ ಹೆಣ್ಣಿನ ಹಕ್ಕು ಎಂದ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಇವತ್ತಿನವರೆಗೆ ಮನೆಮನೆಯಲ್ಲಿ ಇದು ಆರದ ಜಗಳ. ಕಳೆದ ನವೆಂಬರ್‌ನಲ್ಲಿ ಕ್ಯಾಥೊಲಿಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಬಾಮಾಗೇ ಮತ ಹಾಕಿದ್ದಾರೆ ಅನ್ನೋದನ್ನೂ ಮರೆಯಬಾರದು. ಅಂದರೆ ಜಗಳ ಚರ್ಚಿನ ಹೊರಗಿನವರ ಜೊತೆ ಅಲ್ಲ, ಒಳಗೇ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಗರ್ಭಪಾತದ ವಿಷಯದಲ್ಲಿ ನಾನು ಒಬಾಮಾ ಕಡೆಯವನು. ಅವರನ್ನು ಭಾಷಣಕ್ಕೆ ಕರೆದದ್ದು ಸರಿ. ಡಾಕ್ಟರೇಟ್ ಕೊಟ್ಟದ್ದು ಸರಿಯಲ್ಲ.

ಇವೆರಡನ್ನೂ ಒಂದೇ ಅಂದುಕೊಂಡದ್ದರಿಂದ ಎರಡು ತಿಂಗಳ ಈ ಜಗಳ ಇಷ್ಟು ಹದಗೆಟ್ಟಿತು. 2004ರಲ್ಲಿ ಅಮೆರಿಕದ ಬಿಷಪ್‌ಗಳು ಒಂದು ಹೇಳಿಕೆ ಹೊರಡಿಸಿದ್ದರು. ಧರ್ಮಸಭೆಯ ಮೂಲ ನೀತಿಗೆ ವಿರುದ್ಧ ನಡೆಯುವವರಿಗೆ ಕ್ಯಾಥೊಲಿಕ್ ಸಂಸ್ಥೆಗಳು ಪ್ರಶಸ್ತಿ, ಗೌರವ, ವೇದಿಕೆ ಕೊಡಬಾರದು, ಕೊಟ್ಟರೆ ಅವರ ಕೆಲಸಕ್ಕೆ ಬೆಂಬಲ ಕೊಟ್ಟ ಹಾಗಾಗುತ್ತದೆ ಎಂದು ಅದರಲ್ಲಿತ್ತು. ಪ್ರಶಸ್ತಿಯನ್ನೂ ವೇದಿಕೆಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದು ಬಿಷಪ್‌ಗಳ ತಪ್ಪು. ವೇದಿಕೆ ಕೊಡದ ವಿಶ್ವವಿದ್ಯಾಲಯ ಎಂಥ ವಿಶ್ವವಿದ್ಯಾಲಯ? ಇನ್ನು ಫಾದರ್ ಜೆಂಕಿನ್ಸ್, ಆ ಹೇಳಿಕೆ ಕ್ಯಾಥೊಲಿಕ್ ರಾಜಕಾರಣಿಗಳಿಗೆ ಮಾತ್ರ, ಒಬಾಮಾ ಕ್ಯಾಥೊಲಿಕ್ ಅಲ್ಲವಲ್ಲ ಎಂದು ವಾದಿಸಿದರು. ಇದು ವಕೀಲರ ವಾದ. ತಮ್ಮ ನಿರ್ಧಾರದ ಮೇಲೆ ಅಷ್ಟು ನಂಬಿಕೆ ಇದ್ದವರಿಗೆ ಇಂಥ ಸಂದಿಗೊಂದಿ ಬೇಕಿರಲಿಲ್ಲ.

ಇಲ್ಲಿನ ಬಿಷಪ್ ಜಾನ್ ಡಾರ್ಸಿ ತಾನು ಬರುವುದಿಲ್ಲ ಎಂದು ಮಾರ್ಚ್‌ನಲ್ಲೇ ಹೇಳಿದರು. ಇದು ಅವರ ಅವಧಿಯ 25ನೇ ಘಟಿಕೋತ್ಸವ ಆಗಬೇಕಿತ್ತು. ಅವರು ಕೂಗಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ಒಬಾಮಾ ಮೇಲೆ ಅಗೌರವ ಇಲ್ಲ, ನನ್ನ ಮನಸ್ಸು ಒಪ್ಪುತ್ತಿಲ್ಲ ಅನ್ನೋ ಧಾಟಿಯಲ್ಲಿ ಬರೆದರು. ನಾನು ಅವರ ಅಭಿಪ್ರಾಯ ಒಪ್ಪುವವನಲ್ಲ. ಆದರೆ ದೂರ ಉಳಿಯೋದಾದರೆ ಹೀಗೆ ಉಳಿಯಬೇಕು.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಮೇರಿ ಆನ್ ಗ್ಲೆಂಡನ್ ಬರೆದ ಪತ್ರ. ಆಕೆ ಹಾರ್ವರ್ಡ್‌ನಲ್ಲಿ ಕಾನೂನು ಪ್ರಾಧ್ಯಾಪಕಿ, ವ್ಯಾಟಿಕನ್‌ಗೆ ಅಮೆರಿಕದ ರಾಯಭಾರಿಯಾಗಿದ್ದವರು. ಈ ವರ್ಷದ ಲೆಟಾರೆ ಪದಕ ಅವರಿಗೆ ಎಂದು ತೀರ್ಮಾನವಾಗಿತ್ತು. 1883ರಿಂದ ನೋಟರ್ ಡೇಮ್ ಕೊಡುತ್ತಾ ಬಂದಿರುವ ಪದಕ ಅದು. ಅಮೆರಿಕದ ಕ್ಯಾಥೊಲಿಕರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಏಪ್ರಿಲ್ 27ರಂದು ಆಕೆ ಅದನ್ನು ಬೇಡ ಎಂದರು.

ಒಬಾಮಾ ಪಕ್ಕ ಕೂರಲು ಮನಸ್ಸಿಲ್ಲ ಅಂತ ಅಲ್ಲ. ಟೀಕೆ ಬಂದಾಗ ವಿಶ್ವವಿದ್ಯಾಲಯ ಕೊಟ್ಟ ಉತ್ತರಗಳಲ್ಲಿ ಒಂದು ಹೀಗಿತ್ತು: ಅವತ್ತು ಒಬಾಮಾ ಒಬ್ಬರೇ ಮಾತಾಡುವುದಿಲ್ಲ, ಗ್ಲೆಂಡನ್ ಕೂಡ ಮಾತಾಡುತ್ತಾರೆ. ಅಂದರೆ ಆಕೆಯನ್ನು ತಕ್ಕಡಿಯ ಇನ್ನೊಂದು ತಟ್ಟೆಯ ಕಲ್ಲು ಮಾಡಿಟ್ಟರು, ಆಕೆಯನ್ನು ಕೇಳದೆ. ಗ್ಲೆಂಡನ್ ಇದಕ್ಕೆ ಬರೆದ ಉತ್ತರ ತುಂಬಾ ಸರಳ. ಘಟಿಕೋತ್ಸವ ಮಕ್ಕಳಿಗೂ ಅವರ ಮನೆಯವರಿಗೂ ಸಂತೋಷದ ದಿನ. ಇಷ್ಟು ಗಂಭೀರ ವಿಷಯದ ಚರ್ಚೆಗೆ ಅದು ಜಾಗ ಅಲ್ಲ. ಪದಕ ತೆಗೆದುಕೊಳ್ಳುವಾಗ ಆಡುವ ನಾಲ್ಕು ಮಾತಿನಲ್ಲಿ ಅದು ಆಗುವ ಕೆಲಸವೂ ಅಲ್ಲ.

ಇದನ್ನು ಓದಿದ ಮೇಲೆ ನಾನು ಬಹಳ ಹೊತ್ತು ಯೋಚನೆ ಮಾಡಿದೆ. ಉಪನ್ಯಾಸಕ್ಕೆ ಯಾರನ್ನಾದರೂ ಕರೆದರೆ, ಬೇಕಾದವರು ಬರುತ್ತಾರೆ, ಬೇಡದವರು ಮನೆಯಲ್ಲಿರುತ್ತಾರೆ. ಕೊನೆಗೆ ಎದ್ದು ನಿಂತು ಪ್ರಶ್ನೆ ಕೇಳಬಹುದು. ಘಟಿಕೋತ್ಸವದಲ್ಲಿ ಇದ್ಯಾವುದೂ ಇಲ್ಲ. ಮಗಳ ಪದವಿ ನೋಡಲು ಬಂದ ಅಪ್ಪ ಅಮ್ಮ ಎದ್ದು ಹೋಗುವ ಹಾಗಿಲ್ಲ. ಪ್ರಶ್ನೆ ಕೇಳುವ ಹಾಗಿಲ್ಲ. ಅತಿಥಿ ಹೇಳಿದ್ದನ್ನು ಕೇಳಿಸಿಕೊಂಡು ಚಪ್ಪಾಳೆ ತಟ್ಟಬೇಕು.

ಇದೇ ನೋಟರ್ ಡೇಮ್ ಹಿಂದೆ ಇದನ್ನು ಎಷ್ಟು ಚೆನ್ನಾಗಿ ಮಾಡಿತ್ತು ನೋಡಿ. 1984ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಗವರ್ನರ್ ಮಾರಿಯೋ ಕುಮೊ ಇಲ್ಲಿಗೆ ಬಂದಿದ್ದರು. ಅವರು ಸ್ವತಃ ಕ್ಯಾಥೊಲಿಕ್. ಧರ್ಮಸಭೆಯ ಮಾತನ್ನು ನಾನು ಪಾಲಿಸುತ್ತೇನೆ, ಆದರೆ ಅದನ್ನು ಕಾನೂನು ಮಾಡಿ ಬೇರೆಯವರ ಮೇಲೆ ಹೇರುವುದಿಲ್ಲ ಎಂದು ಉದ್ದದ ಉಪನ್ಯಾಸ ಕೊಟ್ಟರು. ಅದೇ ತಿಂಗಳು ಸಂಸತ್ ಸದಸ್ಯ ಹೆನ್ರಿ ಹೈಡ್ ಬಂದು ಇದೇ ಕ್ಯಾಂಪಸ್ಸಿನಲ್ಲಿ ಎದುರು ವಾದ ಮಂಡಿಸಿದರು. ಒಂದು ಮಾತಿಗೆ ಇನ್ನೊಂದು ಮಾತು. ಕುಮೊ ಭಾಷಣದ ಬಗ್ಗೆ ಜನ ಇವತ್ತಿಗೂ ವಾದ ಮಾಡುತ್ತಾರೆ. ಒಬಾಮಾರನ್ನು ಸೆಪ್ಟೆಂಬರ್‌ನಲ್ಲಿ ಹೀಗೇ ಕರೆದು, ಮರುವಾರ ಗ್ಲೆಂಡನ್ ಅವರಿಗೆ ಅಷ್ಟೇ ಹೊತ್ತು ಕೊಟ್ಟಿದ್ದರೆ ನಾನು ರಜೆ ಹಾಕಿ ಎರಡಕ್ಕೂ ಹೋಗುತ್ತಿದ್ದೆ.

ಆದರೆ ಅಧ್ಯಕ್ಷರನ್ನು ಘಟಿಕೋತ್ಸವಕ್ಕೆ ಕರೆಯುವುದು ಇಲ್ಲಿ ಹಳೆಯ ಪದ್ಧತಿ ಅನ್ನೋದೂ ನಿಜ. ಐಸೆನ್‌ಹೋವರ್, ಕಾರ್ಟರ್, ರೇಗನ್, ಅಪ್ಪ ಬುಷ್, ಮಗ ಬುಷ್ ಎಲ್ಲರೂ ಬಂದು ಮಾತಾಡಿದ್ದಾರೆ. ಒಬಾಮಾ ಆರನೆಯವರು. ರೇಗನ್ ಬಂದದ್ದೂ ಮೇ 17ರಂದೇ, 1981ರಲ್ಲಿ, ಗುಂಡೇಟು ಬಿದ್ದು ಎರಡು ತಿಂಗಳೂ ತುಂಬುವ ಮೊದಲು. ಮಗ ಬುಷ್ 2001ರಲ್ಲಿ ಬಂದಾಗ, ಟೆಕ್ಸಾಸ್ ಗವರ್ನರ್ ಆಗಿ 152 ಜನರ ಮರಣದಂಡನೆ ಅವರ ಕಾಲದಲ್ಲೇ ಆಗಿತ್ತು. ಮರಣದಂಡನೆಯನ್ನೂ ಧರ್ಮಸಭೆ ಒಪ್ಪುವುದಿಲ್ಲ. ಅವತ್ತು ಇಷ್ಟು ದೊಡ್ಡ ಗದ್ದಲ ಆಗಲಿಲ್ಲ. ಈ ಸಲ ಮಾತ್ರ ಮೂರು ಲಕ್ಷಕ್ಕೂ ಹೆಚ್ಚು ಜನ ಆಹ್ವಾನ ವಾಪಸ್ ಪಡೆಯಿರಿ ಎಂದು ಸಹಿ ಹಾಕಿದರು. ಕರೆದ ಮೇಲೆ ಬರಬೇಡಿ ಅನ್ನುವುದು ಯಾವ ಮರ್ಯಾದೆ? ಆ ಸಹಿಗಳಿಗೆ ಬಗ್ಗದೆ ನಿಂತದ್ದಕ್ಕೆ ಫಾದರ್ ಜೆಂಕಿನ್ಸ್ ಬಗ್ಗೆ ನನಗೆ ಗೌರವ ಇದೆ.

ಡಾಕ್ಟರೇಟ್ ಇಲ್ಲದೆ ಭಾಷಣಕ್ಕೆ ಮಾತ್ರ ಕರೆಯುವುದು ಸಾಧ್ಯವೇ ಅಂತ ಕೇಳುವವರಿಗೆ ಉತ್ತರ ಕಳೆದ ವಾರವೇ ಸಿಕ್ಕಿದೆ. ಬುಧವಾರ, 13ರಂದು, ಒಬಾಮಾ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾತಾಡಿದರು. ಅವರು ಮಾಡಬೇಕಾದ ಕೆಲಸ ಇನ್ನೂ ಮುಂದಿದೆ ಎಂದು ಹೇಳಿ ಅಲ್ಲಿಯವರು ಡಾಕ್ಟರೇಟ್ ಕೊಡಲಿಲ್ಲ. ಅದಕ್ಕೂ ಟೀಕೆ ಬಂತು, ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನ ಪ್ರಕಟಿಸಿ ಸಮಾಧಾನ ಮಾಡಿದರು. ಒಬಾಮಾ ಬೇಜಾರು ಮಾಡಿಕೊಳ್ಳಲಿಲ್ಲ. ಆ ಮಾತು ನಿಜವೇ ಎಂದು ಅದರ ಮೇಲೇ ಭಾಷಣ ಕಟ್ಟಿದರು. ಇಲ್ಲೂ ಹಾಗೆ ಮಾಡಬಹುದಿತ್ತು.

ಗೌರವ ಡಾಕ್ಟರೇಟಿನ ಬಗ್ಗೆ ನನಗೆ ಇಷ್ಟು ಹಟ ಯಾಕೆ ಎಂದರೆ, ನಾನು ಮೈಸೂರಿನವನು. ನಮ್ಮ ವಿಶ್ವವಿದ್ಯಾಲಯ 1976ರಲ್ಲಿ ರಾಜ್‌ಕುಮಾರ್ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಸ್ಕೂಲು ಸರಿಯಾಗಿ ಕಾಣದ ಒಬ್ಬ ಕಲಾವಿದರಿಗೆ ಇಡೀ ನಾಡು ಡಾ. ರಾಜ್ ಅಂದಿತು, ಒಂದು ಅಪಸ್ವರ ಇಲ್ಲದೆ. ಅವರು ಮಾಡಿ ಮುಗಿಸಿದ ಕೆಲಸ ಎಲ್ಲರ ಕಣ್ಣೆದುರು ಇತ್ತು. ಆ ಪದವಿಗೆ ಅಷ್ಟು ತೂಕ ಇದೆ. ಅಧಿಕಾರದಲ್ಲಿ ಇರುವ ರಾಜಕಾರಣಿಗೆ, ಅದೂ ಕುರ್ಚಿ ಹತ್ತಿ ನಾಲ್ಕು ತಿಂಗಳಾಗಿರುವವರಿಗೆ ಕೊಟ್ಟರೆ, ಯಾವ ಕೆಲಸಕ್ಕೆ ಕೊಟ್ಟರು ಅಂತ ಜನ ಕೇಳಿಯೇ ಕೇಳುತ್ತಾರೆ.

ಇನ್ನು ನಿನ್ನೆಯ ಸಮಾರಂಭ. ನಾನು ನೋಡಿದ್ದು ಟಿವಿಯಲ್ಲಿ. ಜಾಯ್ಸ್ ಸೆಂಟರ್ ಕಿಕ್ಕಿರಿದಿತ್ತು. ಪದವಿ ಪಡೆಯುವವರು ಸುಮಾರು 2,900. ಕೆಲವರ ಟೋಪಿಯ ಮೇಲೆ ಹಳದಿ ಶಿಲುಬೆ, ಪುಟ್ಟ ಮಗುವಿನ ಪಾದದ ಗುರುತು. ಅದೇ ಅವರ ಪ್ರತಿಭಟನೆ. ಇನ್ನು ಕೆಲವರ ಟೋಪಿಯ ಮೇಲೆ ಒಬಾಮಾ ಪ್ರಚಾರದ ಚಿಹ್ನೆ. ಸಮಾರಂಭ ಬೇಡ ಎಂದ ಒಂದಿಷ್ಟು ವಿದ್ಯಾರ್ಥಿಗಳು ಅದೇ ಹೊತ್ತಿಗೆ ಕ್ಯಾಂಪಸ್ಸಿನ ಮಾತೆ ಮರಿಯಳ ಗವಿಯ ಹತ್ತಿರ ಸೇರಿ ಪ್ರಾರ್ಥನೆ ಮಾಡಿದರು. ನಾಲ್ಕು ವರ್ಷ ಕಾದಿದ್ದ ದಿನವನ್ನು ಬಿಟ್ಟುಕೊಟ್ಟ ಆ ಮಕ್ಕಳ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು.

ಫಾದರ್ ಜೆಂಕಿನ್ಸ್ ಮುಚ್ಚುಮರೆ ಮಾಡಲಿಲ್ಲ. ಗರ್ಭಪಾತ ಮತ್ತು ಭ್ರೂಣ ಸಂಶೋಧನೆಯಲ್ಲಿ ನಾವು ಅಧ್ಯಕ್ಷರ ನೀತಿಯನ್ನು ವಿರೋಧಿಸುತ್ತೇವೆ, ಅದು ಗೊತ್ತಿದ್ದೂ ಅವರು ಬಂದಿದ್ದಾರೆ ಎಂದು ಒಬಾಮಾ ಎದುರಲ್ಲೇ ಹೇಳಿದರು. ಒಬಾಮಾ ಕೂಡ ಜಾರಿಕೊಳ್ಳಲಿಲ್ಲ. ಭಾಷಣ ಶುರುವಾದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕೂಗು ಬಂತು. ಮಕ್ಕಳು ಎದ್ದು ಘೋಷಣೆ ಹಾಕಿ ಆ ದನಿಯನ್ನು ಅಡಗಿಸಿದರು. ಅದು ನನಗೆ ಹಿಡಿಸಲಿಲ್ಲ. ಒಬಾಮಾ ಮಾತ್ರ ಇರುಸುಮುರುಸಿನ ಮಾತಿನಿಂದ ನಾವು ಓಡಿಹೋಗುವುದಿಲ್ಲ ಎಂದು ಮುಂದುವರಿಸಿದರು. ಹಿಂದೆ ಸೆನೆಟ್ ಚುನಾವಣೆ ಸಮಯದಲ್ಲಿ ಒಬ್ಬ ಡಾಕ್ಟರ್ ತಮಗೆ ಬರೆದ ಪತ್ರದ ಕಥೆ ಹೇಳಿದರು. ಗರ್ಭಪಾತ ವಿರೋಧಿಗಳ ಬಗ್ಗೆ ಅವರ ಪ್ರಚಾರದ ವೆಬ್‌ಸೈಟಿನಲ್ಲಿ ಇದ್ದ ಕಟುವಾದ ಸಾಲು ಆ ಡಾಕ್ಟರನ್ನು ನೋಯಿಸಿತ್ತು. ಒಬಾಮಾ ಆ ಸಾಲನ್ನು ಬದಲಾಯಿಸಿದರಂತೆ. ಒಂದು ಹಂತದ ಆಚೆಗೆ ಎರಡು ಕಡೆಯವರ ನಿಲುವು ಸೇರುವುದೇ ಇಲ್ಲ ಎಂದು ನೇರವಾಗಿ ಒಪ್ಪಿಕೊಂಡರು. ಗರ್ಭಪಾತದ ಅಗತ್ಯ ಬೀಳುವ ಹೆಂಗಸರ ಸಂಖ್ಯೆ ಕಡಿಮೆ ಮಾಡೋಣ, ದತ್ತು ಕೊಡುವುದು ಸುಲಭವಾಗಲಿ ಎಂದರು.

ವೇದಿಕೆಯಲ್ಲಿ ನ್ಯಾಯಾಧೀಶ ಜಾನ್ ನೂನನ್ ಇದ್ದರು. 1984ರಲ್ಲಿ ಅದೇ ಲೆಟಾರೆ ಪದಕ ಪಡೆದವರು. ಈ ಸಲ ಪದಕ ಯಾರಿಗೂ ಕೊಡಲಿಲ್ಲ, ಗ್ಲೆಂಡನ್ ಮಾತಾಡಬೇಕಿದ್ದ ಜಾಗದಲ್ಲಿ ನೂನನ್ ಮಾತಾಡಿದರು. ತೊಂಬತ್ತೊಂದು ವರ್ಷದ ಫಾದರ್ ಥಿಯೋಡರ್ ಹೆಸ್ಬರ್ಗ್ ಕೂಡ ಬಂದಿದ್ದರು. 1952ರಿಂದ 1987ರವರೆಗೆ ಈ ವಿಶ್ವವಿದ್ಯಾಲಯ ನಡೆಸಿದ ಹಿರಿಯರು, 1964ರಲ್ಲಿ ಷಿಕಾಗೋದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೈ ಹಿಡಿದು ಹಾಡಿದವರು. ಐಸೆನ್‌ಹೋವರ್ ನೇಮಿಸಿದ ನಾಗರಿಕ ಹಕ್ಕುಗಳ ಆಯೋಗದಲ್ಲಿ ದಕ್ಷಿಣದವರಿಗೂ ಉತ್ತರದವರಿಗೂ ಹೊಂದಾಣಿಕೆ ಆಗದೆ ಇದ್ದಾಗ, ಇದೇ ಹೆಸ್ಬರ್ಗ್ ಎಲ್ಲರನ್ನೂ ವಿಸ್ಕಾನ್ಸಿನ್‌ನ ಲ್ಯಾಂಡ್ ಓ ಲೇಕ್ಸ್‌ಗೆ ಕರೆದುಕೊಂಡು ಹೋಗಿ, ಮೀನು ಹಿಡಿಸಿ, ಒಪ್ಪಂದಕ್ಕೆ ತಂದರಂತೆ. ಒಬಾಮಾ ಈ ಕಥೆ ಹೇಳುವಾಗ ಆ ಮುದುಕರ ಮುಖವನ್ನು ನಾನು ಕಣ್ಣು ಕೀಳದೆ ನೋಡಿದೆ. ಮಗಳನ್ನೂ ಕರೆದು ತೋರಿಸಿದೆ.

ಕ್ಯಾಂಪಸ್ಸಿನ ಗೇಟಿನ ಹತ್ತಿರ ಬೇರೆಯೇ ನಡೆದಿತ್ತು. ಕೆಲವು ವಾರದಿಂದ ಹೊರಗಿನ ಗುಂಪುಗಳು ಊರಲ್ಲಿ ಬೀಡು ಬಿಟ್ಟಿದ್ದವು. ಸತ್ತ ಭ್ರೂಣದ ಚಿತ್ರ ಕಟ್ಟಿಕೊಂಡು ವಿಮಾನ ತಲೆಯ ಮೇಲೆ ಸುತ್ತುತ್ತಿತ್ತು. ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಲೂ ಹಿಂಜರಿಯುವ ಹಾಗಾಗಿತ್ತು. ಅದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಆದರೆ ನಿನ್ನೆ ಪೊಲೀಸರು ಹಿಡಿದವರಲ್ಲಿ ಹೆಚ್ಚಿನವರು ಇಂಥವರಲ್ಲ. ಅನುಮತಿ ಇಲ್ಲದೆ ಕ್ಯಾಂಪಸ್ಸಿಗೆ ಕಾಲಿಟ್ಟರು ಅನ್ನೋದೇ ಅವರ ಮೇಲಿನ ಆರೋಪ. ಅವರಲ್ಲಿ ನಾರ್ಮಾ ಮೆಕಾರ್ವಿ ಕೂಡ ಇದ್ದರು. 1973ರ ಆ ತೀರ್ಪಿನ ಅರ್ಜಿದಾರರೇ ಆಕೆ, ಆಮೇಲೆ ಗರ್ಭಪಾತ ವಿರೋಧಿಗಳ ಕಡೆ ಸೇರಿದವರು. ಈ ತಿಂಗಳಲ್ಲಿ ಹಿಡಿದವರಲ್ಲಿ ಒಬ್ಬರು ವಯಸ್ಸಾದ ಪಾದ್ರಿ. ಕ್ಯಾಥೊಲಿಕ್ ಕ್ಯಾಂಪಸ್ಸಿನಲ್ಲಿ ಪಾದ್ರಿಯ ಕೈ ಕಟ್ಟಿ ಹೊತ್ತುಕೊಂಡು ಹೋದರು.

ಒಳಗೆ ನ್ಯಾಯವಾದ ಮಾತು, ತೆರೆದ ಮನಸ್ಸು ಎಂದೆಲ್ಲ ಭಾಷಣ ಆಗಿದೆ, ಫಾದರ್ ಜೆಂಕಿನ್ಸ್ ಚಪ್ಪಾಳೆಯನ್ನೂ ತಟ್ಟಿದ್ದಾರೆ. ಈಗ ಅವರು ಪ್ರಾಸಿಕ್ಯೂಟರ್ ಹತ್ತಿರ ಹೋಗಿ ಈ ಕೇಸುಗಳನ್ನು ಕೈಬಿಡಿ ಎಂದು ಕೇಳಬೇಕು. ಈ ವಾರವೇ ಕೇಳಬೇಕು. ನಾನು ಇವತ್ತು ರಾತ್ರಿ ಅವರ ಕಚೇರಿಗೆ ಒಂದು ಪತ್ರ ಬರೆಯುತ್ತಿದ್ದೇನೆ. ಈ ಊರಲ್ಲಿರುವ ಕನ್ನಡಿಗರು ಯಾರಾದರೂ ಸಹಿ ಹಾಕುವುದಾದರೆ ನಾಳೆ ಸಂಜೆಯೊಳಗೆ ತಿಳಿಸಿ.