ಡಚ್ ಸಮಾಸಪದವನ್ನು ಎಲ್ಲಿ ಬಿಡಿಸಬೇಕು?

ಡಚ್ ಭಾಷೆಯಲ್ಲಿ ನಾಮಪದಗಳು ಒಂದಕ್ಕೊಂದು ಸೇರಿದಾಗ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ. ಎರಡಾಗಲಿ ನಾಲ್ಕಾಗಲಿ, ಎಲ್ಲವನ್ನೂ ಕೂಡಿಸಿ ಒಂದೇ ಪದವಾಗಿ ಬರೆಯುತ್ತಾರೆ. ಅಂಥ ಪದವೊಂದು ಸಾಲಿನ ಕೊನೆಗೆ ಬಂದು, ಅಡ್ಡಗೆರೆ ಹಾಕಿ ಎರಡು ಸಾಲುಗಳಿಗೆ ಹಂಚಬೇಕಾಗಿ ಬಂದಾಗ, ಕಿವಿಗೆ ಕೇಳುವ ಉಚ್ಚಾರಾಂಶವನ್ನು ನಂಬಬೇಕೋ ಪದದ ಅರ್ಥವನ್ನು ನಂಬಬೇಕೋ ಎಂಬ ಪ್ರಶ್ನೆ ಏಳುತ್ತದೆ. ಡಚ್ ಕಲಿಯತೊಡಗಿದ ಮೇಲೆ ನನ್ನನ್ನು ಬಹಳವಾಗಿ ಹಿಡಿದಿಟ್ಟಿರುವ ಪ್ರಶ್ನೆ ಇದು. ಉತ್ತರವಂತೂ ಸ್ಪಷ್ಟವಾಗಿದೆ: ಮೊದಲ ಹಕ್ಕು ಅರ್ಥದ್ದು.

ಬಿಡಿಪದಗಳ ನಿಯಮ ಸರಳ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಉಚ್ಚಾರಾಂಶಕ್ಕೆ ಸೇರುತ್ತದೆ. ಎರಡಿದ್ದರೆ ಸಾಮಾನ್ಯವಾಗಿ ಆಚೆಗೊಂದು ಈಚೆಗೊಂದು ಹೋಗುತ್ತವೆ. ನೀರು ಎಂಬ ಅರ್ಥದ ‘ವಾಟರ್’ ವಾ-ಟರ್ ಆಗುತ್ತದೆ, ನಾಯಿಗಳು ಎಂಬ ಅರ್ಥದ ‘ಹೊಂಡನ್’ ಹೊನ್-ಡನ್ ಆಗುತ್ತದೆ. ಇನ್ನು ಸಂಜೆಯ ಊಟಕ್ಕೆ ಇರುವ ಪದವನ್ನು ನೋಡಿ. ‘ಆವೊಂಡ್’ ಎಂದರೆ ಸಂಜೆ, ‘ಏಟನ್’ ಎಂದರೆ ಊಟ. ಬಿಡಿಪದದ ನಿಯಮ ಹಚ್ಚಿದರೆ ಇದು ಆ-ವೊನ್-ಡೇ-ಟನ್ ಎಂದು ಒಡೆಯಬೇಕಿತ್ತು. ಹಾಗಾಗದೆ, ಎರಡು ಪದಗಳು ಕೂಡಿದ ಜಾಗದಲ್ಲೇ, ಆವೊಂಡ್-ಏಟನ್ ಎಂದು ಒಡೆಯುತ್ತದೆ. ಈ ಗಡಿ ಬರಹದಲ್ಲಷ್ಟೇ ಅಲ್ಲ, ಮಾತಿನಲ್ಲಿಯೂ ಇದೆ. ಡಚ್ಚಿನಲ್ಲಿ ಉಚ್ಚಾರಾಂಶದ ಕೊನೆಯ ಡಕಾರ ಟಕಾರವಾಗಿ ಕೇಳಿಸುತ್ತದೆ. ಒಂದು ನಾಯಿಯನ್ನು ಹೇಳುವಾಗ ಡಕಾರ ಬರೆದು ‘ಹೊಂಟ್’ ಎನ್ನುತ್ತಾರೆ, ಬಹುವಚನದಲ್ಲಿ ಸ್ವರ ಬಂದೊಡನೆ ಡಕಾರ ಮರಳುತ್ತದೆ. ಸಂಜೆಯ ಊಟದಲ್ಲಿ ಮುಂದೆ ಸ್ವರವಿದ್ದರೂ ಅದು ಮರಳುವುದಿಲ್ಲ, ಟಕಾರವೇ ಕೇಳಿಸುತ್ತದೆ. ಮುಂದಿನ ಸ್ವರ ಬೇರೊಂದು ಪದದ್ದು ಎಂಬುದನ್ನು ನಾಲಿಗೆ ಮರೆತಿಲ್ಲ.

ಶಾಲೆಯಲ್ಲಿ ಜಶ್ತ್ವ ಸಂಧಿ ಕಲಿತವರಿಗೆ ಇಲ್ಲೊಂದು ಸಂತೋಷವಿದೆ. ಕರವಸ್ತ್ರಕ್ಕೆ ಡಚ್ಚರು ‘ಜಕ್’ ಮತ್ತು ‘ಡೂಕ್’, ಅಂದರೆ ಜೇಬು ಮತ್ತು ಬಟ್ಟೆ, ಎಂಬ ಪದಗಳನ್ನು ಸೇರಿಸಿ ಬರೆಯುತ್ತಾರೆ, ಆದರೆ ‘ಜಗ್ಡೂಕ್’ ಎಂದು ಉಚ್ಚರಿಸುತ್ತಾರೆ. ಕಾಲು ಎಂಬ ‘ವೂಟ್’ ಚೆಂಡು ಎಂಬ ‘ಬಲ್’ ಜೊತೆ ಸೇರಿದರೆ ಬಾಯಲ್ಲಿ ‘ವೂಡ್ಬಲ್’ ಆಗುತ್ತದೆ. ವಾಕ್ ಮತ್ತು ದೇವಿ ಸೇರಿ ವಾಗ್ದೇವಿಯಾದ ಬಗೆಯೇ ಇದು. ಆದರೆ ವಾಗೀಶದಲ್ಲಿ ಸ್ವರದ ಮುಂದೆಯೂ ಗಕಾರ ಬರುವಂತೆ ಡಚ್ಚಿನಲ್ಲಿ ಬರುವುದಿಲ್ಲ, ಮತ್ತು ಆದ ಬದಲಾವಣೆಯನ್ನು ಅವರು ಬರೆಯುವುದೂ ಇಲ್ಲ. ಪ್ರತಿ ಪದದ ಮೂಲರೂಪವನ್ನು ಬರಹದಲ್ಲಿ ಹಾಗೆಯೇ ಉಳಿಸಿಕೊಳ್ಳುವ ಈ ಕ್ರಮ ನನಗೆ ಬಹಳ ವಿವೇಕದ್ದೆಂದು ತೋರುತ್ತದೆ.

ಪದಗಳ ಸಂಬಂಧ ನಮ್ಮ ತತ್ಪುರುಷದ ಹಾಗೆಯೇ: ಉತ್ತರಪದವೇ ಪ್ರಧಾನ. ಮನೆ ಎಂಬ ‘ಹಾಯ್ಸ್’ ಪದಕ್ಕೆ ಇಂಗ್ಲಿಷಿನ ‘ದ’ದಂತೆ ‘ಹೆಟ್’ ಎಂಬ ಉಪಪದ, ಬಾಗಿಲು ಎಂಬ ಪದಕ್ಕೆ ‘ಡೆ’. ಮನೆಬಾಗಿಲಿಗೆ ‘ಡೆ’ಯೇ ಸಲ್ಲುತ್ತದೆ.

ಗಡಿ ಎರಡು ಕಡೆ ಸಾಧ್ಯವಿರುವ ಪದಗಳೂ ಇವೆ. ‘ಕ್ವಾರ್ಟ್ಸ್ಲಾಖನ್’ ಎಂಬುದನ್ನು ಸಕಾರಕ್ಕೆ ಮೊದಲೇ ಒಡೆದರೆ ಕಾಲುಭಾಗದ ಸುತ್ತುಗಳು, ಸಕಾರವಾದ ಮೇಲೆ ಒಡೆದರೆ ಸ್ಫಟಿಕಶಿಲೆಯ ಪದರಗಳು. ಅಕ್ಷರಗಳು ಒಂದೂ ಬದಲಾಗುವುದಿಲ್ಲ. ವಾಕ್ಯದ ವಿಷಯ ಗೊತ್ತಿಲ್ಲದೆ ಇದನ್ನು ಸಾಲಿನ ಕೊನೆಯಲ್ಲಿ ಸರಿಯಾಗಿ ಒಡೆಯುವುದು ಮನುಷ್ಯನಿಗೂ ಸಾಧ್ಯವಿಲ್ಲ, ತಂತ್ರಾಂಶಕ್ಕೂ ಸಾಧ್ಯವಿಲ್ಲ.

ಎರಡು ಪದಗಳ ನಡುವೆ ಕೆಲವೊಮ್ಮೆ ಒಂದು ಕೂಡುಧ್ವನಿ ಬಂದು ಕೂರುತ್ತದೆ. ನಗರ ಎಂಬ ‘ಸ್ಟಟ್’ ಪದ ಪುರಭವನದಲ್ಲಿ ಹಾಗೆಯೇ ನಿಲ್ಲುತ್ತದೆ, ನಗರಾಡಳಿತ ಎನ್ನುವಲ್ಲಿ ಸಕಾರ ಹಚ್ಚಿಕೊಳ್ಳುತ್ತದೆ. ಹೀಗೇಕೆಂದು ಹೇಳುವ ಗಟ್ಟಿ ಸೂತ್ರವಿಲ್ಲ. ಕೇಳಿಸಿದರೆ ಬರೆಯಬೇಕು, ಅಷ್ಟೆ. ಹಳ್ಳಿಬೀದಿ ಎಂಬ ‘ದೊರ್ಪ್ಸ್‌ಸ್ಟ್ರಾಟ್’ ಪದದಲ್ಲಿ ಮಾತ್ರ ಕಿವಿಗೆ ಒಂದೇ ಸಕಾರ ಕೇಳಿದರೂ ಎರಡು ಬರೆಯಬೇಕು, ಏಕೆಂದರೆ ಹಳ್ಳಿಚೌಕ ಎಂಬ ‘ದೊರ್ಪ್ಸ್‌ಪ್ಲೈನ್’ ಪದದಲ್ಲಿ ಸಕಾರ ಸ್ಪಷ್ಟವಾಗಿ ಕೇಳುತ್ತದೆ.

ಹೆಚ್ಚು ಜಗಳವಾದದ್ದು ನಡುವಿನ ನಕಾರದ ಬಗ್ಗೆ. ಬಾಣಲೆಯ ದೋಸೆಯಂಥ ‘ಪನ್ನೆಕೂಕ್’ ತಿಂಡಿಯ ಹೆಸರಿನಲ್ಲಿ ಬಹುಪಾಲು ಡಚ್ಚರು ನಕಾರವನ್ನು ಉಚ್ಚರಿಸುವುದಿಲ್ಲ. ಆದರೂ 1995ರ ಕಾಗುಣಿತ ಸುಧಾರಣೆ, ಪೂರ್ವಪದದ ಬಹುವಚನ ‘ಎನ್’ ಪ್ರತ್ಯಯದಿಂದ ಮಾತ್ರ ಆಗುವುದಾದರೆ ನಕಾರ ಬರೆಯಬೇಕೆಂದು ಗೊತ್ತುಮಾಡಿತು. ಬಿಸಿಲು ಎಂಬ ಡಚ್ ಸಮಾಸದ ಪೂರ್ವಪದ ಸೂರ್ಯ; ಸೂರ್ಯ ಒಬ್ಬನೇ ಆದ್ದರಿಂದ ಅಲ್ಲಿ ನಕಾರ ಬೇಡವೆಂದು ವಿನಾಯಿತಿ. ಪ್ರಾಣಿಯ ಹೆಸರಿರುವ ಸಸ್ಯನಾಮಗಳಿಗಿದ್ದ ವಿನಾಯಿತಿಯನ್ನು 2005ರ ಪರಿಷ್ಕರಣೆ ತೆಗೆದುಹಾಕಿತು. ಇದನ್ನೊಪ್ಪದ ಕೆಲವು ಪತ್ರಿಕೆಗಳು 2006ರಲ್ಲಿ ಅಧಿಕೃತ ಕಾಗುಣಿತ ಪಟ್ಟಿಯಾದ ‘ಹಸಿರು ಪುಸ್ತಕ’ವನ್ನು ಬಿಟ್ಟು ಪರ್ಯಾಯ ಪಟ್ಟಿಯಾದ ‘ಬಿಳಿ ಪುಸ್ತಕ’ವನ್ನು ಅನುಸರಿಸಿದವು. ನನ್ನ ಮಟ್ಟಿಗೆ ಅವರ ಅಸಮಾಧಾನ ನ್ಯಾಯವಾದದ್ದೇ, ಬಾಯಿಗೂ ಅರ್ಥಕ್ಕೂ ಬೇಕಿಲ್ಲದ ಅಕ್ಷರ ಅದು.

ಜಾಗ ಬಿಡದಿರುವ ಪದ್ಧತಿಯನ್ನು ಮಾತ್ರ ನಾನು ಪೂರ್ತಿ ಸಮರ್ಥಿಸುತ್ತೇನೆ. ‘ರೋಡೆ’ ಎಂದರೆ ಕೆಂಪು. ಅದನ್ನು ಬಿಡಿಯಾಗಿ ಬರೆದು ಮುಂದೆ ‘ವೈನ್‌ಖ್ಲಾಸ್’ ಎಂದು ಬರೆದರೆ ವೈನ್ ಕುಡಿಯುವ ಲೋಟವೇ ಕೆಂಪಾಗಿರುತ್ತದೆ; ಮೂರನ್ನೂ ಕೂಡಿಸಿದರೆ ಅದು ಕೆಂಪು ವೈನಿನ ಲೋಟ. ಉದ್ದ ಪದಗಳನ್ನು ಕಂಡು ಹೆದರಬೇಕಿಲ್ಲ, ಏಕೆಂದರೆ ಆ ಕೂಡುಸಕಾರವೇ ದಾರಿ ತೋರಿಸುತ್ತದೆ. ದುಡಿಯಲಾಗದವರ ವಿಮೆಗೆ ಇರುವ ‘ಆರ್ಬೈಟ್ಸ್‌ಒನ್‌ಖೆಸ್ಖಿಕ್ಟ್‌ಹೈಟ್ಸ್‌ವರ್ಜೇಕರಿಂಗ್’ ಪದವನ್ನು ಕೊನೆಯಿಂದ ಬಿಡಿಸಿ: ವಿಮೆ ಎಂಬ ಉತ್ತರಪದ, ಅದರ ಹಿಂದೆ ಒಂದು ಸಕಾರ; ಅಸಾಮರ್ಥ್ಯ ಎಂಬ ಪದ, ಅದರ ಹಿಂದೆ ಇನ್ನೊಂದು ಸಕಾರ; ಉಳಿದದ್ದು ದುಡಿಮೆ. ಸಾಲಿನ ಕೊನೆಯಲ್ಲಿ ಇದನ್ನು ಒಡೆಯಲು ಒಳ್ಳೆಯ ಜಾಗ ವಿಮೆಯ ಹಿಂದಿನದು, ಸಕಾರವನ್ನು ಮೇಲಿನ ಸಾಲಿನಲ್ಲೇ ಬಿಟ್ಟು.