ಬೋರಲ್ಲಿ ನೀರು ಎಷ್ಟು ಅಡಿಗಿದೆ?

ಕೋಲಾರದ ಕಡೆ ಯಾವ ರೈತರನ್ನಾದರೂ ಹೀಗೆ ಕೇಳಿ, ‘ಸಾವಿರದಿನ್ನೂರು’ ಅನ್ನುವಂಥ ಉತ್ತರ ಥಟ್ಟನೆ ಬರುತ್ತದೆ. ಅದು ಕೊರೆಸುವಾಗ ಗ್ಯಾಪ್, ಅಂದರೆ ನೀರಿನ ಬಿರುಕು, ಸಿಕ್ಕ ಆಳ, ಇಲ್ಲವೇ ಮೋಟಾರ್ ಇಳಿಸಿರುವ ಆಳ. ಅದೇ ಬೋರಿನ ಮೋಟಾರ್ ನಿಲ್ಲಿಸಿ ಬಿಟ್ಟರೆ ನೀರು ಮೇಲೇರಿ 500 ಅಡಿಗೆ ನಿಲ್ಲಬಹುದು. ಊರಿನ ಅಂತರ್ಜಲ ಮಟ್ಟ ಅಳೆಯುವವರು ಬರೆದುಕೊಳ್ಳಬೇಕಾದ್ದು ಆ 500. ಬಾಯಿಮಾತಿನ ಆಳ ಸೇರಿಸಿ ಮಾಡಿದ ನಕ್ಷೆ ನೋಡಿದರೆ ಬೋರು ಕೊರೆಯುವ ರಿಗ್ ಲಾರಿಗಳ ತಾಕತ್ತು ಎಷ್ಟೆಂದು ಗೊತ್ತಾಗುತ್ತದೆ, ಅಷ್ಟೇ.

ಪಾಲಾರ್ ಹುಟ್ಟುವ ಈ ಸೀಮೆಯ ಅಡಿಗೆಲ್ಲ ಗ್ರಾನೈಟ್, ನೈಸ್ (gneiss) ಎಂಬ ಗಟ್ಟಿ ಬಂಡೆ. ನೀರಿರುವುದು ಬಿರುಕುಗಳಲ್ಲಿ. ಪಕ್ಕಪಕ್ಕದ ಎರಡು ಬೋರುಗಳ ಮಟ್ಟದಲ್ಲಿ ನೂರಾರು ಅಡಿ ವ್ಯತ್ಯಾಸ ಬಂದರೆ ಅಳತೆ ತಪ್ಪಿದೆ ಎಂದುಕೊಳ್ಳಬೇಡಿ. ಒಂದೇ ಬೋರು ತಿಂಗಳಿಂದ ತಿಂಗಳಿಗೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಹೋಲಿಸಿ. ಜಲಾನಯನದ ದಿಬ್ಬದಲ್ಲಿ, ಇಳಿಜಾರಿನಲ್ಲಿ, ಕೆರೆ ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ ಹೀಗೆ ಹರಡಿಕೊಂಡಂತೆ ಬಾವಿಗಳನ್ನು ಆರಿಸಿ. ತೆರೆದ ಬಾವಿಗೂ ಬೋರಿಗೂ ಬೇರೆ ಬೇರೆ ಪಟ್ಟಿ ಇರಲಿ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ತುಂಬುತ್ತಿರುವ ಕೆರೆಯ ಕೆಳಗೆ ತೆರೆದ ಬಾವಿಯಲ್ಲಿ ನೀರು ಕಂಡಿತೆಂದರೆ ಮೇಲಿನ ಸಡಿಲ ಪದರ ತುಂಬಿದೆ ಎಂದರ್ಥ. ಸಾವಿರ ಅಡಿ ಕೆಳಗಿನ ಬಿರುಕಿನ ಕಥೆ ಬೇರೆಯೇ ಇರಬಹುದು.

ಮೋಟಾರ್ ಇಲ್ಲದ ಫೇಲಾದ ಬೋರು ಸಿಕ್ಕರೆ ಅಳತೆಗೆ ಒಳ್ಳೆಯದು, ಆದರೆ ಹೂಳು ಕಟ್ಟಿರಬಾರದು. ಮೊದಲು ಮಟ್ಟ ಅಳೆದು, 20 ಲೀಟರ್‌ನ ಒಂದು ಕ್ಯಾನ್ ಶುದ್ಧ ನೀರು ಸುರಿಯಿರಿ. ಆರೂವರೆ ಇಂಚಿನ ಬೋರಿನಲ್ಲಿ ಮಟ್ಟ ಹೆಚ್ಚೆಂದರೆ 93 ಸೆಂ.ಮೀ. ಏರುತ್ತದೆ. ಮಾರನೇ ದಿನವೂ ಏರಿದ್ದು ಇಳಿಯದೆ ಹಾಗೇ ನಿಂತಿದ್ದರೆ ಆ ಬೋರಿಗೆ ಬಿರುಕುಗಳ ಸಂಪರ್ಕ ಕಡಿದಿದೆ, ಬಿಟ್ಟುಬಿಡಿ. ಇಟ್ಟುಕೊಳ್ಳುವ ಬೋರಿಗೆ ಕಬ್ಬಿಣದ ಮುಚ್ಚಳ, ಬೀಗ ಎರಡೂ ಬೇಕೇ ಬೇಕು. ಮಕ್ಕಳು ಓಡಾಡುವ ಜಾಗ.

ಕೇಸಿಂಗ್, ಅಂದರೆ ಬೋರಿನ ಬಾಯಿಗೆ ಇಳಿಸಿದ ಕೊಳವೆ, ಅದರ ಅಂಚಿನಲ್ಲಿ ಒಂದು ಕಡೆ ಪೇಂಟ್ ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಅಳೆಯಿರಿ. ಟೇಪು 87.62 ಮೀಟರ್ ತೋರಿಸಿ, ಕೇಸಿಂಗ್ ನೆಲದಿಂದ 0.45 ಮೀಟರ್ ಮೇಲಿದ್ದರೆ ಮಟ್ಟ 87.17. ಅಡಿಯೋ ಮೀಟರೋ, ಒಂದೇ ಬರೆಯಿರಿ. ತೆರೆದ ಬಾವಿಗೆ ಸ್ಟೀಲ್ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ ಇಳಿಸಿದರೆ ಸಾಕು. ಗುರುತಿನಲ್ಲಿ 20.00 ಹಿಡಿದು, ಸುಣ್ಣ 1.36ರವರೆಗೆ ಒದ್ದೆಯಾಗಿದ್ದರೆ ನೀರು 18.64ಕ್ಕಿದೆ.

ಬೋರಿಗೆ ಬ್ಯಾಟರಿಯ ಸೌಂಡರ್ ಬೇಕು. ತುದಿ ನೀರಿಗೆ ತಾಗಿದೊಡನೆ ಕೂಗುತ್ತದೆ. ನಮ್ಮ ಕಡೆ 100 ಮೀಟರ್ ಟೇಪು ಸಾಲದು, 300 ಮೀಟರಿನದೇ ತನ್ನಿ. ತಾಪತ್ರಯ ಶುರುವಾಗುವುದು ಇಲ್ಲೇ. ಕಾಲಂ ಪೈಪು (ಮೋಟಾರಿನಿಂದ ನೀರು ಮೇಲೆ ತರುವ ಪೈಪು), ಕೇಬಲ್, ಹಗ್ಗದ ನಡುವೆ ತುದಿ ಸಿಕ್ಕಿಕೊಂಡರೆ ಮತ್ತೆ ಮೋಟಾರ್ ಎತ್ತುವಾಗಲೇ ವಾಪಸು. ಮೇಲಿನ ಸೆಲೆಯಿಂದ ಒಳಗೋಡೆಗೆ ನೀರು ಜಿನುಗುತ್ತಿದ್ದರೆ ನೀರು ಮುಟ್ಟುವ ಮೊದಲೇ ಕೂಗುತ್ತದೆ. ಎರಡಕ್ಕೂ ಒಂದೇ ಮದ್ದು: ಮೋಟಾರ್ ಇಳಿಸುವ ದಿನವೇ ಕಾಲಂ ಪೈಪಿಗೆ ಒಂದಿಂಚಿನ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪನ್ನು ಕಟ್ಟುತ್ತಾ ಇಳಿಸುವುದು, ಆಮೇಲೆ ಸೌಂಡರಿನ ತುದಿಯನ್ನು ಅದರೊಳಗೇ ಬಿಡುವುದು. ಕೆಳತುದಿ ಮೋಟಾರಿಗಿಂತ ಒಂದು ಪೈಪಿನಷ್ಟು ಮೇಲಿರಲಿ, ಅದಕ್ಕೆ ಕ್ಯಾಪ್ ಹಾಕಿ, ಕೊನೆಯ ಎರಡು ಮೀಟರಿಗೆ ಸಣ್ಣ ತೂತು ಕೊರೆಯಿರಿ. ಮೇಲಿನ ಮುಚ್ಚಳದಲ್ಲೂ ಒಂದು ತೂತಿರಲಿ; ಗಾಳಿ ಆಡದಿದ್ದರೆ ಪೈಪಿನೊಳಗೆ ನಿಜವಾದ ಮಟ್ಟ ನಿಲ್ಲುವುದಿಲ್ಲ. ಕುಡಿಯುವ ನೀರಿನ ಬೋರಿಗೆ ಇಳಿಸುವ ಮೊದಲು ಟೇಪು, ತುದಿ ಎರಡನ್ನೂ ಬ್ಲೀಚಿಂಗ್ ನೀರಿನಿಂದ ಒರೆಸಿ.

ಆಟೋ ಸ್ಟಾರ್ಟರ್ ಮರೆಯಬೇಡಿ. ತ್ರೀ ಫೇಸ್ ಬಂದೊಡನೆ ಮೋಟಾರ್ ತಾನೇ ಓಡುತ್ತದೆ, ಮಟ್ಟ ಜರ್ರನೆ ಇಳಿಯುತ್ತದೆ. ಆಟೋ ತೆಗೆದು, ಸ್ಟಾರ್ಟರಿನ ಫ್ಯೂಸ್ ಕಿತ್ತು, ಅರ್ಧ ಗಂಟೆಗೊಮ್ಮೆ ನೋಡಿ. ಏರಿಕೆ ಒಂದೆರಡು ಸೆಂ.ಮೀ.ಗೆ ಬಂದರೆ ಮಟ್ಟ ನಿಂತ ಹಾಗೆ. ಅಷ್ಟು ಹೊತ್ತು ಕಾಯಲಾಗದಿದ್ದರೆ ‘ಮೋಟಾರ್ ನಿಂತು 40 ನಿಮಿಷ’ ಎಂದಾದರೂ ಪಕ್ಕದಲ್ಲಿ ಬರೆಯಿರಿ. ಪಕ್ಕದ ತೋಟದ ಬೋರು ಓಡುತ್ತಿತ್ತೇ ಎಂಬುದೂ ಇರಲಿ.

ನೀರೊಳಗೆ ಮುಳುಗಿದ್ದು ಒತ್ತಡದಿಂದ ಮಟ್ಟವನ್ನು ತಾನೇ ದಾಖಲಿಸುವ ಲಾಗರ್ ಹಾಕುವವರು ಗಾಳಿಯ ಒತ್ತಡಕ್ಕೆ ಮೇಲೊಂದು ಲಾಗರ್ ಇಡಬೇಕು. 1 ಮಿಲಿಬಾರ್ ಅಂದರೆ ಸುಮಾರು 1 ಸೆಂ.ಮೀ. ನೀರು. 10 ಮೀಟರ್ ವ್ಯಾಪ್ತಿಯದು ನಮ್ಮ ಬೋರುಗಳಲ್ಲಿ ಬೇಸಿಗೆಗೆ ನೀರಿನಿಂದ ಹೊರಗೆ ನೇತಾಡುತ್ತದೆ.

ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ 4 ಸಲ ಅಳೆಯುತ್ತದೆ. ಊರಿನ ಮಟ್ಟಿಗೆ ತಿಂಗಳಿಗೊಮ್ಮೆಯಾದರೂ ಬೇಕು. ನಮ್ಮಲ್ಲಿ ಹೆಚ್ಚು ಮಳೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಏರಿಕೆ ಕಾಣುವುದು ಅದಾದ ಮೇಲೆ.

ಬೋರು ಒಣಗಿದರೆ ಪಟ್ಟಿಯಲ್ಲಿ ಸೊನ್ನೆ ಹಾಕಬೇಡಿ, ಖಾಲಿಯನ್ನೂ ಬಿಡಬೇಡಿ. ‘480 ಅಡಿವರೆಗೆ ನೀರಿಲ್ಲ’ ಎಂದು ಬರೆಯಿರಿ. ಐದು ಬೋರುಗಳ ಮಟ್ಟ 200, 250, 300, 400, 450 ಅಡಿ ಇದ್ದರೆ ಸರಾಸರಿ 320. ಮುಂದಿನ ವರ್ಷ ಎಲ್ಲವೂ 20 ಅಡಿ ಇಳಿದು, ಕೊನೆಯ ಎರಡು ಒಣಗಿದವು ಅನ್ನಿ. ಉಳಿದ ಮೂರರ ಸರಾಸರಿ 270. ಕಾಗದದ ಮೇಲೆ ಅಂತರ್ಜಲ 50 ಅಡಿ ಏರಿತು! ಇಂಥ ಏರಿಕೆಗೆ ಹಾರ ಹಾಕುವವರೂ ಸಿಗುತ್ತಾರೆ. ಎರಡೂ ವರ್ಷ ಅಳತೆ ಸಿಕ್ಕ ಬೋರುಗಳನ್ನಷ್ಟೇ ಹೋಲಿಸಿ, ಒಣಗಿದವುಗಳ ಲೆಕ್ಕವನ್ನು ಅದರ ಪಕ್ಕದಲ್ಲೇ ಬೇರೆಯಾಗಿ ಕೊಡಿ.